ಕಾಯಕವೂ ಅದರ ಅಳತೆಯೂ

ಶಿವಶರಣರು ಲೋಕಕ್ಕೆ ಕೊಟ್ಟ ತತ್ತ್ವಗಳಲ್ಲಿ ಕಾಯಕತತ್ತ್ವದಷ್ಟು ಜನಜನಿತವಾದುದು ಬೇರೊಂದಿಲ್ಲ. ಜನಜನಿತವಾದ ಮಾತಿಗೆ ಒಂದು ಅಪಾಯವೂ ಉಂಟು. ಎಲ್ಲರೂ ಅದನ್ನು ಆಡುವರು. ಆದುದರಿಂದಲೇ ಅದರ ಅರ್ಥವನ್ನು ಯಾರೂ ಕೇಳುವುದಿಲ್ಲ. ಕಾಯಕವನ್ನು ಕೈಲಾಸಕ್ಕೆ ಸರಿಗಟ್ಟಿದ ಆಯ್ದಕ್ಕಿ ಮಾರಯ್ಯನವರ ನುಡಿಯು ಇಂದು ಕಚೇರಿಗಳ ಗೋಡೆಯ ಮೇಲೆ, ಕಾರ್ಖಾನೆಗಳ ಬಾಗಿಲಲ್ಲಿ, ಅಂಗಡಿಗಳ ಗಲ್ಲಾಪೆಟ್ಟಿಗೆಯ ಹಿಂದೆ ರಾರಾಜಿಸುತ್ತಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಹಗಲಿರುಳೆನ್ನದೆ ದುಡಿ ಎಂಬುದೇ ಅದರ ತಾತ್ಪರ್ಯವೆಂದು ಬಹುಮಂದಿ ತಿಳಿದಿರುವರು. ಅದು ಹಾಗಲ್ಲವೆಂಬುದನ್ನೂ, ಹಾಗೆ ತಿಳಿದುದರಿಂದ ನಮ್ಮ ತರುಣರ ಸಂಸಾರಗಳಿಗೆ ಒದಗಿರುವ ಕಷ್ಟವೆಂಥದೆಂಬುದನ್ನೂ ಈ ಪಾಠದಲ್ಲಿ ವಿಚಾರಿಸೋಣ.

ನಮ್ಮ ಭಕ್ತರ ಮನೆಗಳ ಇಂದಿನ ಸ್ಥಿತಿಯನ್ನು ಮೊದಲು ನೋಡಬೇಕು. ದಾವಣಗೆರೆ, ಹಾವೇರಿ, ವಿಜಯಪುರ, ಕಲಬುರಗಿಗಳ ಮನೆಗಳಿಂದ ಮಕ್ಕಳು ಓದು ಮುಗಿಸಿ ಬೆಂಗಳೂರಿಗೋ ಪುಣೆಗೋ ಹೈದರಾಬಾದಿಗೋ ಹೋಗುವರು. 22 ಅಥವಾ 23ನೆಯ ವಯಸ್ಸಿಗೆ ಕಂಪನಿಯ ಕೆಲಸ ಸಿಕ್ಕುವುದು. 27 ಅಥವಾ 28ಕ್ಕೆ ಮದುವೆ. 30ಕ್ಕೆ ಕೈಯಲ್ಲೊಂದು ಕೂಸು. ಊರಿನಲ್ಲಿ ತಂದೆತಾಯಿಗಳಿಗೆ ಅದೇ ಹೊತ್ತಿಗೆ ಮಂಡಿನೋವು, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ. ಉದ್ಯೋಗವು ಮನುಷ್ಯನಿಂದ ಅತಿ ಹೆಚ್ಚಿನದನ್ನು ಕೇಳುವ ವರ್ಷಗಳು ಯಾವುವೋ, ಮನೆಯು ಅತಿ ಹೆಚ್ಚಿನದನ್ನು ಕೇಳುವ ವರ್ಷಗಳೂ ಅವೇ ಆಗಿರುವುವು. ಇದು ಯಾರ ತಪ್ಪೂ ಅಲ್ಲ, ವಯಸ್ಸಿನ ಧರ್ಮ. ಆದರೆ ಎರಡು ಕರೆಗಳೂ ಒಟ್ಟಿಗೆ ಬಂದಾಗ ತರುಣನು ಯಾವುದಕ್ಕೆ ಓಗೊಡಬೇಕು?

ಇದಕ್ಕೆ ಗಡಿಯಾರದ ತೊಡಕೊಂದು ಸೇರಿದೆ. ಬೆಂಗಳೂರಿನ ಎಷ್ಟೋ ಕಂಪನಿಗಳ ಗಿರಾಕಿಗಳು ಅಮೇರಿಕಾದಲ್ಲಿರುವರು. ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ 9 ಗಂಟೆ ಎಂದರೆ ನಮ್ಮಲ್ಲಿ ಬೇಸಗೆಗೆ ರಾತ್ರಿ 9 ಗಂಟೆ 30 ನಿಮಿಷ, ಚಳಿಗಾಲಕ್ಕೆ 10 ಗಂಟೆ 30 ನಿಮಿಷ. ಅವರು ಸ್ನಾನ ಮಾಡಿ ಕಚೇರಿಗೆ ಬಂದು ಕುಳಿತಾಗ ನಮ್ಮ ಹುಡುಗನು ಉಂಡು ಮಲಗತಕ್ಕ ಹೊತ್ತು. ಮೀಟಿಂಗು ಆಗಲೇ. ಹಗಲೆಲ್ಲ ಇಲ್ಲಿಯ ಮೇಲಧಿಕಾರಿಯ ಕೆಲಸ, ರಾತ್ರಿ ಅಲ್ಲಿಯ ಗಿರಾಕಿಯ ಕೆಲಸ. ಲೆಕ್ಕ ಹಾಕಿ ನೋಡೋಣ. ದಿನದ 24 ಗಂಟೆಗಳಲ್ಲಿ ನಿದ್ರೆಗೆ 7, ಕಚೇರಿಗೆ 12, ಬೆಂಗಳೂರಿನ ದಾರಿಗೆ 2, ಸ್ನಾನ ಊಟಾದಿಗಳಿಗೆ ಒಂದೂವರೆ ಎಂದು ಹಿಡಿದರೆ ಉಳಿಯುವುದು ಒಂದೂವರೆ ಗಂಟೆ. ಇಷ್ಟಲಿಂಗಪೂಜೆ, ಹೆಂಡತಿಯೊಡನೆ ಮಾತು, ಮಗುವಿನ ಆಟ, ಊರಿಗೊಂದು ಫೋನು, ಸಂತೆ ಸಾಮಾನು ಇವೆಲ್ಲವೂ ಆ ಒಂದೂವರೆ ಗಂಟೆಯಲ್ಲಿ ಅಡಗಬೇಕು. ಅಡಗುವುದಿಲ್ಲ. ಮೊದಲು ಬಿಟ್ಟುಹೋಗುವುದು ಪೂಜೆ, ಆಮೇಲೆ ಮಾತು.

ಹೀಗೇಕೆ ಎಂದು ಹಿರಿಯರು ಕೇಳಿದರೆ ಕಲಿತ ತರುಣನ ಬಾಯಲ್ಲಿ ಸಿದ್ಧವಾದ ಉತ್ತರವಿರುವುದು. ಕಾಯಕದಲ್ಲಿ ತೊಡಗಿರುವವನು ಗುರುದರ್ಶನವನ್ನೂ, ಲಿಂಗಪೂಜೆಯನ್ನೂ, ಎದುರಿಗೆ ಬಂದು ನಿಂತ ಜಂಗಮನನ್ನೂ ಮರೆಯಬೇಕೆಂದು ಮಾರಯ್ಯನವರೇ ಅಪ್ಪಣೆ ಕೊಡಿಸಿರುವರಲ್ಲವೆ? ಗುರು ಲಿಂಗ ಜಂಗಮರನ್ನೇ ಮರೆಯಬಹುದಾದರೆ ಮನೆ ಮಠಗಳನ್ನು ಮರೆತರೆ ದೋಷವೇನು? ಈ ಪ್ರಶ್ನೆಯನ್ನು ಉದ್ಧಟತನವೆಂದು ತಳ್ಳಿಹಾಕುವುದು ಸರಿಯಲ್ಲ. ಆ ವಚನವಿರುವುದು ದಿಟ. ಅದನ್ನು ಓದಿದವನಿಗೆ ಈ ಸಂಶಯ ಹುಟ್ಟದಿದ್ದರೆ ಅವನು ಸರಿಯಾಗಿ ಓದಲಿಲ್ಲವೆಂದೇ ಹೇಳಬೇಕು.

ಆದರೆ ವಚನವನ್ನು ಅದು ಹುಟ್ಟಿದ ಮನೆಯಿಂದ ಕಿತ್ತು ತಂದು ಅರ್ಥ ಮಾಡಬಾರದು. ಅದನ್ನು ನುಡಿದವರ ಕಾಯಕವಾವುದು, ಅವರ ಪಕ್ಕದಲ್ಲಿ ನಿಂತಿದ್ದವರು ಯಾರು ಎಂಬುದನ್ನು ಕೇಳಬೇಕು.

ಮಾರಯ್ಯನವರೂ ಅವರ ಧರ್ಮಪತ್ನಿ ಲಕ್ಕಮ್ಮನವರೂ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದ ಕಡೆಯವರು. 12ನೆಯ ಶತಮಾನದ ಕಲ್ಯಾಣಕ್ಕೆ ಬಂದು ನೆಲೆಸಿದರು. ಮಾರಯ್ಯನವರ ವಚನಗಳ ಅಂಕಿತ ಅಮರೇಶ್ವರಲಿಂಗ. ಲಕ್ಕಮ್ಮನವರದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಬಸವಣ್ಣನವರ ಮಹಾಮನೆಯಲ್ಲಿ ನಿತ್ಯವೂ ಜಂಗಮ ದಾಸೋಹ. ಅಷ್ಟು ಅಕ್ಕಿಯನ್ನು ತರುವಾಗ, ಕೇರುವಾಗ, ಅಳೆಯುವಾಗ ಅಂಗಳದಲ್ಲಿ ಕಾಳು ಚೆಲ್ಲುವುದು ಸಹಜ. ಆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನವರ ಕಾಯಕ. ತಂದ ಅಕ್ಕಿಯನ್ನು ಲಕ್ಕಮ್ಮನವರು ಅಟ್ಟು ಜಂಗಮಕ್ಕೆ ನೀಡಿ ಉಳಿದುದನ್ನು ಪ್ರಸಾದವಾಗಿ ಇಬ್ಬರೂ ಸ್ವೀಕರಿಸುವರು. ನಾಳೆಗೆಂದು ಗಡಿಗೆಯಲ್ಲಿ ಇಡುವುದಿಲ್ಲ.

ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ಪ್ರಸಂಗವು ವಿಸ್ತಾರವಾಗಿ ಬಂದಿದೆ. ಒಂದು ದಿನ ಮಾರಯ್ಯನವರು ಶರಣರ ಅನುಭಾವದಲ್ಲಿ ಮೈಮರೆತರು. ಕಾಯಕದ ಹೊತ್ತು ಮೀರಿತು. ಲಕ್ಕಮ್ಮನವರು ಕಾಯಕವು ನಿಂತುಹೋಗಿರುವುದನ್ನು ನೆನಪಿಸಿ ಗಂಡನನ್ನು ಎಬ್ಬಿಸಿ ಕಳುಹಿಸಿದರು. ಅನುಭಾವದ ಮಾತೇ ಆದರೂ ಅದು ಕಾಯಕಕ್ಕೆ ಬದಲಾಗದು ಎಂಬುದು ಅವರ ನಿಲುವು. ಮಾರಯ್ಯನವರು ಲಗುಬಗೆಯಿಂದ ಹೋದರು. ಅಂದು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಕಟ್ಟಿಕೊಂಡು ಬಂದರು. ಲಕ್ಕಮ್ಮನವರು ಗಂಟನ್ನು ಕಂಡರು, ಸಂತೋಷಪಡಲಿಲ್ಲ. ಒಂದೇ ಮನಸ್ಸಿನಿಂದ ಆಯಬೇಕಾದುದನ್ನು ಎರಡು ಮನಸ್ಸಿನಿಂದ ಆಯ್ದು ತಂದಿರೇಕೆ, ಇದು ನಿಮ್ಮ ಬಯಕೆಯೋ ಅಥವಾ ನಮ್ಮ ಬಡತನವನ್ನು ಕಂಡು ಬಸವಣ್ಣನವರು ಮಾಡಿದ ಯೋಚನೆಯೋ ಎಂದು ಕೇಳಿದರು. ಆಸೆಯೆಂಬುದು ಅರಸರ ಮನೆಯದು, ಭಕ್ತರ ಮನೆಯದಲ್ಲ ಎಂದರು. ಹೆಚ್ಚಿನ ಅಕ್ಕಿಯನ್ನು ಆಯ್ದಲ್ಲಿಯೇ ಸುರಿದು ಬರುವಂತೆ ಹೇಳಿದರು. ಮಾರಯ್ಯನವರು ಹೋಗಿ ಸುರಿದು ಬಂದರು.

ಕಥೆಯ ಪೂರ್ವಾರ್ಧವನ್ನು ಮಾತ್ರ ಹೇಳಿ ನಿಲ್ಲಿಸುವವರುಂಟು. ಅವರಿಗೆ ಲಕ್ಕಮ್ಮನವರು ಗಂಡನನ್ನು ಕೆಲಸಕ್ಕೆ ಅಟ್ಟಿದ ಗೃಹಿಣಿ. ಉತ್ತರಾರ್ಧವನ್ನು ಮಾತ್ರ ಹೇಳುವವರೂ ಉಂಟು. ಅವರಿಗೆ ಆಕೆ ವೈರಾಗ್ಯಮೂರ್ತಿ. ಎರಡನ್ನೂ ಮಾಡಿದವರು ಒಬ್ಬರೇ ಎಂಬುದರಲ್ಲಿ ಕಾಯಕತತ್ತ್ವದ ಸಾರವಿದೆ. ಕಾಯಕ ನಿಂತಾಗ ಹೋಗೆಂದು ಹೇಳಿದ ನಾಲಿಗೆಯೇ ಕಾಯಕ ಮೀರಿದಾಗ ಸುರಿದು ಬಾ ಎಂದಿತು. ಕೊರೆಯಾದುದೂ ಕಾಯಕವಲ್ಲ, ಮಿಕ್ಕುದೂ ಕಾಯಕವಲ್ಲ. ಎರಡೂ ಒಂದೇ ದಿನ, ಒಂದೇ ಮನೆಯಲ್ಲಿ ನಡೆದುವೆಂಬುದನ್ನು ವಾಚಕರು ಗಮನಿಸಬೇಕು. ಇಂಥ ಹೆಂಡತಿಯಿದ್ದ ಮನೆಯಲ್ಲಿ ನಿಂತು ಗುರು ಲಿಂಗ ಜಂಗಮರನ್ನೂ ಮರೆತು ಕಾಯಕ ಮಾಡೆಂದು ಮಾರಯ್ಯನವರು ನುಡಿಯಬಲ್ಲವರಾದರು. ಏಕೆಂದರೆ ಆ ಕಾಯಕಕ್ಕೆ ಅಳತೆಯಿತ್ತು. ಅದರ ಫಲವು ಅದೇ ದಿನ ಜಂಗಮದ ಬಾಯಿಗೆ ಹೋಗುತ್ತಿತ್ತು. ಅಂಗಳದಲ್ಲಿ ಕಾಳು ಆಯುವಾಗ ಜಂಗಮನನ್ನು ಮರೆತರೂ ಆಯ್ದ ಪ್ರತಿ ಕಾಳೂ ಜಂಗಮನದೇ. ಮರೆವೇ ಅಲ್ಲಿ ನೆನಹಾಗಿತ್ತು. ಅಳತೆಯಿಲ್ಲದ, ಯಾರ ದಾಸೋಹಕ್ಕೂ ಸಲ್ಲದ ದುಡಿಮೆಯಲ್ಲಿ ಮುಳುಗಿ ಮನೆಯನ್ನು ಮರೆತವನಿಗೆ ಆ ವಚನದ ರಕ್ಷಣೆ ದೊರೆಯಲಾರದು.

ನುಲಿಯ ಚಂದಯ್ಯನವರ ಕಥೆಯೂ ಇದೇ ಕಡೆಗೆ ಕೈದೋರುವುದು. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವ ಕಾಯಕ ಅವರದು. ಲಿಂಗದೇವನೇ ಅವರ ಹಗ್ಗವನ್ನು ಮಾರಿಕೊಂಡು ಬಂದಾಗ, ಬಂದ ಹಣವು ಹಗ್ಗದ ನ್ಯಾಯವಾದ ಬೆಲೆಗಿಂತ ಹೆಚ್ಚಾಗಿದೆಯೆಂದು ಅದನ್ನು ಒಲ್ಲೆನೆಂದರಂತೆ. ಲಿಂಗವೇ ತಂದುಕೊಟ್ಟರೂ ಹೆಚ್ಚಾದುದು ಹೆಚ್ಚೇ.

ಈಗಿನ ಪತ್ರಿಕೆಗಳಲ್ಲಿ ಉದ್ಯೋಗ ಮತ್ತು ಬದುಕುಗಳ ಸಮತೋಲನವೆಂಬ ಮಾತು ಬಹಳವಾಗಿ ಕಾಣುವುದು. ಒಳ್ಳೆಯ ಉದ್ದೇಶದಿಂದ ಹುಟ್ಟಿದ ಮಾತು. ಆದರೆ ಅದರ ಹಿಂದಿರುವ ತಕ್ಕಡಿಯ ಚಿತ್ರ ಅಷ್ಟು ಸರಿಯಲ್ಲ. ಒಂದು ತಟ್ಟೆಯಲ್ಲಿ ಉದ್ಯೋಗ, ಇನ್ನೊಂದು ತಟ್ಟೆಯಲ್ಲಿ ಬದುಕು. ಹಾಗಾದರೆ ಉದ್ಯೋಗವು ಬದುಕಲ್ಲವೆ? ದಿನದ ಅರ್ಧವನ್ನು ಬದುಕದೆ ಕಳೆಯುವುದಾದರೆ ಉಳಿದರ್ಧದಲ್ಲಿ ಬದುಕುವ ಶಕ್ತಿ ಎಲ್ಲಿಂದ ಬರಬೇಕು? ಶರಣರು ಹೀಗೆ ಇಬ್ಭಾಗ ಮಾಡಲಿಲ್ಲ. ಅಕ್ಕಿ ಆಯುವುದು, ಅಡುವುದು, ನೀಡುವುದು, ಉಣ್ಣುವುದು, ಅನುಭಾವಕ್ಕೆ ಕುಳಿತುಕೊಳ್ಳುವುದು ಎಲ್ಲವೂ ಒಂದೇ ನೂಲಿನ ಎಳೆ. ಆದುದರಿಂದ ಕಚೇರಿಯ ಕೆಲಸವನ್ನು ಹಾಳು ಹೊಟ್ಟೆಪಾಡೆಂದು ಹಳಿಯುತ್ತ ಅರೆಮನಸ್ಸಿನಿಂದ ಮಾಡಿ, ಮನೆಗೆ ಬಂದ ಮೇಲೆ ಬದುಕು ಆರಂಭವಾಯಿತೆನ್ನುವ ತರುಣನನ್ನು ಲಕ್ಕಮ್ಮನವರು ಮೆಚ್ಚುತ್ತಿರಲಿಲ್ಲ. ಅವನಿಗೆ ಅವರ ಮೊದಲನೆಯ ಮಾತು ಸಲ್ಲುವುದು: ಕಾಯಕ ನಿಂತಿದೆ, ಹೋಗು. ರಾತ್ರಿ 11 ಗಂಟೆಗೂ ಕಂಪ್ಯೂಟರಿನ ಮುಂದಿನಿಂದ ಏಳದವನಿಗೆ ಎರಡನೆಯ ಮಾತು. ಯಾವ ಮಾತು ತನಗೆ ಸಲ್ಲುವುದೆಂಬುದನ್ನು ಅವನವನೇ ನೋಡಿಕೊಳ್ಳಬೇಕು. ಎರಡೂ ಸಲ್ಲುವ ತರುಣರನ್ನು ನಾವು ಬಲ್ಲೆವು. ಹಗಲು ಹರಟೆಯಲ್ಲಿ ಕಳೆದು ಇರುಳು ಕೆಲಸಕ್ಕೆ ಕೂಡುವವರು.

ಹೆಚ್ಚು ಹೊತ್ತು ದುಡಿಯಬೇಕೆಂಬ ಉಪದೇಶವೂ ಈಚೆಗೆ ಕೇಳಿಬಂದಿದೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್. ಆರ್. ನಾರಾಯಣ ಮೂರ್ತಿಯವರು ದೇಶದ ಏಳಿಗೆಗಾಗಿ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2024ರ ಜುಲೈ ತಿಂಗಳಿನಲ್ಲಿ ಕರ್ನಾಟಕದ ಮಾಹಿತಿ ತಂತ್ರಜ್ಞಾನ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪವೆದ್ದು, ನೌಕರರ ಸಂಘದವರು ಅದನ್ನು ಪ್ರತಿಭಟಿಸಿದರು. 2025ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೊ ಕಂಪನಿಯ ಅಧ್ಯಕ್ಷರಾದ ಎಸ್. ಎನ್. ಸುಬ್ರಹ್ಮಣ್ಯನ್ ಅವರು ತಮ್ಮ ನೌಕರರಿಗೆ 90 ಗಂಟೆಯ ಮಾತನ್ನು ಹೇಳಿ, ಭಾನುವಾರ ಮನೆಯಲ್ಲಿ ಕುಳಿತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುವಿರೆಂದು ಕೇಳಿದುದು ಬಯಲಿಗೆ ಬಂದಿತು. 90 ಗಂಟೆ ಎಂದರೆ ವಾರದ ಏಳು ದಿನವೂ ಹೆಚ್ಚು ಕಡಿಮೆ 13 ಗಂಟೆ. ಈ ಮಹನೀಯರು ದೊಡ್ಡ ಕಾರ್ಯಗಳನ್ನು ಮಾಡಿದವರು, ತಾವೂ ಹಾಗೆಯೇ ದುಡಿದವರು. ಅವರ ನಿಷ್ಠೆಯನ್ನು ಗೌರವಿಸೋಣ. ಆದರೆ ಮಾರಯ್ಯನವರು ಹೆಂಡತಿಯ ಮುಖವನ್ನು ನೋಡಿದುದರಿಂದಲೇ ತಮ್ಮ ಗಂಟು ಭಾರವಾಯಿತೆಂಬುದನ್ನು ತಿಳಿದರು. ಆ ನೋಟಕ್ಕೆ ಹೊತ್ತು ಕೊಡದಿದ್ದರೆ ಗಂಟಿನ ಭಾರವನ್ನು ಹೇಳುವವರಾರು?

ದುಡಿಮೆಗೆ ಮೇರೆಯಿರಬೇಕೆಂಬುದು ಸೋಮಾರಿಗಳ ವಾದವೆಂದು ಯಾರೂ ತಿಳಿಯಬಾರದು. ನಮ್ಮ ದೇಶದ 1948ರ ಕಾರ್ಖಾನೆ ಕಾಯದೆಯೂ, ನಮ್ಮ ನಾಡಿನ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯದೆಯೂ ವಾರಕ್ಕೆ 48 ಗಂಟೆಯ ಕಟ್ಟನ್ನು ಹಾಕಿದುವು. ಆ ಮೇರೆಯನ್ನು ಮೀರಿದರೆ ಮೈಗೇನಾಗುವುದೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು ಕೂಡಿ ನಡೆಸಿ 2021ರಲ್ಲಿ ಪ್ರಕಟಿಸಿದ ಪರಿಶೀಲನೆಯು ತಿಳಿಸಿತು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಸಂಭವವು 35 ಪಾಲು, ಹೃದಯದ ರಕ್ತನಾಳದ ಬೇನೆಯಿಂದ ಸಾಯುವ ಸಂಭವವು 17 ಪಾಲು ನೂರಕ್ಕೆ ಹೆಚ್ಚೆಂದು ಅದರಲ್ಲಿ ಕಂಡಿತು. ಕಾಯವನ್ನು ಕೆಡಿಸುವ ದುಡಿಮೆಯನ್ನು ಕಾಯಕವೆನ್ನುವುದು ಹೇಗೆ? ಇಷ್ಟಲಿಂಗವು ನೆಲೆಸಿರುವುದು ಈ ಕಾಯದ ಮೇಲೆಯೇ ಅಲ್ಲವೆ?

ಹೊಲದ ಕೆಲಸವನ್ನು ಬಲ್ಲ ಹಿರಿಯರಿಗೆ ಒಂದು ಆಕ್ಷೇಪ ತೋರಬಹುದು. ಸುಗ್ಗಿಯಲ್ಲಿ ರೈತನು ಹಗಲಿರುಳು ದುಡಿಯುವುದಿಲ್ಲವೆ? ಬಿತ್ತಿಗೆ ಬಂದಾಗ ಊಟದ ಹೊತ್ತು ನೋಡುವನೆ? ಸರಿಯಾದ ಮಾತು. ತರುಣನ ಉದ್ಯೋಗದಲ್ಲಿಯೂ ಸುಗ್ಗಿಯ ದಿನಗಳುಂಟು. ಹೊಸದಾಗಿ ಕೆಲಸ ಕಲಿಯುವವನು, ಆಸ್ಪತ್ರೆಯಲ್ಲಿ ತರಬೇತಿ ಪಡೆಯುವ ವೈದ್ಯನು, ಮಾರ್ಚಿ ತಿಂಗಳ ಕೊನೆಯಲ್ಲಿ ಲೆಕ್ಕ ಮುಗಿಸುವ ಬ್ಯಾಂಕಿನವನು ಗಂಟೆಗಳನ್ನು ಎಣಿಸಲಾರರು, ಎಣಿಸಲೂ ಬಾರದು. ಆದರೆ ಸುಗ್ಗಿಗೆ ಕೊನೆಯುಂಟು. ಕಣ ಮಾಡಿದ ಮೇಲೆ ರಾಶಿ, ರಾಶಿಯಾದ ಮೇಲೆ ಜಾತ್ರೆ. ಹನ್ನೆರಡು ತಿಂಗಳೂ ಸುಗ್ಗಿಯೆನ್ನುವ ಮೇಲಧಿಕಾರಿಯು ಹೊಲವನ್ನು ಕಂಡವನಲ್ಲ. ನಮ್ಮ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಕೊರಳಿಗೆ ನೊಗ ಹೂಡುವುದಿಲ್ಲ. ಅದು ಬಸವನ ದಿನ. ಎಂಥ ಬಡ ರೈತನಾದರೂ, ಹದ ತಪ್ಪುವಂತಿದ್ದರೂ, ಆ ಒಂದು ದಿನ ಎತ್ತು ಗ್ವಾದಲಿಯಲ್ಲಿ ನಿಂತು ಮೆಲುಕು ಹಾಕುವುದು. ಎತ್ತಿಗೆ ನಮ್ಮ ಅಜ್ಜಂದಿರು ನಡೆಸಿಕೊಟ್ಟ ಈ ಮರ್ಯಾದೆಯು ಅವರ ಮೊಮ್ಮಗನಿಗೆ ಪಟ್ಟಣದಲ್ಲಿ ಸಿಕ್ಕುತ್ತಿಲ್ಲ. ಅವನ ಭಾನುವಾರದ ಜೇಬಿನಲ್ಲಿ ಮೊಬೈಲು ಗುಂಯ್ಗುಡುತ್ತಿರುವುದು.

ಬಸವಣ್ಣನವರ ಉದಾಹರಣೆಯನ್ನು ನಾವು ಬೇರೆ ಸಂದರ್ಭಗಳಲ್ಲಿ ತರುತ್ತೇವೆಯೇ ಹೊರತು ಈ ಸಂದರ್ಭದಲ್ಲಿ ತರುವುದು ಅಪರೂಪ. ಅವರು ನೌಕರಿ ಮಾಡಿದವರು. ಬಿಜ್ಜಳನ ಭಂಡಾರಿಯಾಗಿ ರಾಜ್ಯದ ಬೊಕ್ಕಸವನ್ನು ನೋಡಿಕೊಂಡವರು. ಅಂದಿನ ಕಾಲಕ್ಕೆ ಅದಕ್ಕಿಂತ ಭಾರವಾದ ಹುದ್ದೆ ಎಷ್ಟಿದ್ದೀತು? ಲೆಕ್ಕದಲ್ಲಿ ಒಂದು ಕಾಸು ತಪ್ಪಿದರೂ ತಲೆಗೆ ಬರುವಂಥದು; ಹೊಟ್ಟೆಕಿಚ್ಚಿನವರು ಸುತ್ತಲೂ ಇದ್ದರು. ಹೀಗಿದ್ದೂ ಮಹಾಮನೆಯ ದಾಸೋಹಕ್ಕೂ ಶರಣರ ಗೋಷ್ಠಿಗೂ ಅವರು ಇಲ್ಲವಾಗಲಿಲ್ಲ. ಭವಿಯ ಸಿಂಹಾಸನದ ಕೆಳಗೆ ಕುಳಿತು ಓಲೈಸುವನೆಂದು ಶರಣರಲ್ಲಿಯೇ ಕೆಲವರು ಆಡಿಕೊಂಡರು. ಅದಕ್ಕೆ ಅವರು ಒಂದು ವಚನದಲ್ಲಿ ಕೊಟ್ಟ ಉತ್ತರದ ಭಾವವು ಇಷ್ಟು: ಕೂಲಿಯನ್ನಾದರೂ ಮಾಡಿ ದೇವರ ನಿಲುವಿಗೆ ಕುಂದುಬಾರದಂತೆ ನಡೆಸುವೆನೇ ಹೊರತು ನನ್ನ ಒಡಲಿಗಾಗಿ ಚಿಂತಿಸುವವನಲ್ಲ, ಹಾಗೆ ಚಿಂತಿಸಿದೆನಾದರೆ ನನಗೆ ತಲೆದಂಡವಾಗಲಿ. ಹುದ್ದೆಯು ಅವರ ಕೈಯಲ್ಲಿತ್ತು, ಅವರು ಹುದ್ದೆಯ ಕೈಯಲ್ಲಿರಲಿಲ್ಲ. ಆದುದರಿಂದ ಕಾಲ ಬಂದಾಗ ಅದನ್ನೂ ಕಲ್ಯಾಣವನ್ನೂ ಬಿಟ್ಟು ಕೂಡಲಸಂಗಮದ ದಾರಿ ಹಿಡಿದರು. ಇಂದಿನ ತರುಣನಿಗೆ ತನ್ನ ಹುದ್ದೆಯನ್ನು ಬಿಡುವ ಪ್ರಸಂಗ ಬಾರದೆ ಇರಬಹುದು. ಬಿಡಬಲ್ಲೆನೆ ಎಂದು ಒಮ್ಮೆ ಕೇಳಿಕೊಂಡರೆ ಸಾಕು, ಯಾರ ಕೈಯಲ್ಲಿ ಯಾರಿದ್ದಾರೆಂಬುದು ತಿಳಿದುಬರುವುದು.

ಬಹುಮಂದಿ ಬಿಡಲಾರರು. ಕಾರಣವು ಸಾಲದ ಕಂತು. 26ನೆಯ ವಯಸ್ಸಿನಲ್ಲಿ 20 ವರ್ಷದ ಸಾಲಕ್ಕೆ ಸಹಿ ಹಾಕಿ ಮನೆ ಕೊಂಡವನು ಅಂದಿನಿಂದ ಮೇಲಧಿಕಾರಿಗೆ ಇಲ್ಲವೆನ್ನುವ ಅಧಿಕಾರವನ್ನೂ ಒತ್ತೆಯಿಟ್ಟಂತೆಯೇ. ಇಲ್ಲಿ ಭೇದವೊಂದನ್ನು ಕಾಣದಿದ್ದರೆ ಅನ್ಯಾಯವಾದೀತು. ತಂದೆ ಮಾಡಿದ ಸಾಲ ತೀರಿಸಬೇಕು, ತಂಗಿಯ ಓದು ಮುಗಿಯಬೇಕು, ತಾಯಿಗೆ ಶಸ್ತ್ರಚಿಕಿತ್ಸೆಯಾಗಬೇಕು ಎಂದು ರಾತ್ರಿಯನ್ನೂ ಹಗಲು ಮಾಡುವ ಹುಡುಗನಿಗೆ ಲಕ್ಕಮ್ಮನವರ ಎರಡನೆಯ ಮಾತನ್ನು ಹೇಳಲು ನಮಗೆ ಬಾಯಿ ಬಾರದು. ಅವನು ಹೊತ್ತಿರುವುದು ಹೆಚ್ಚಿನ ಅಕ್ಕಿಯಲ್ಲ, ಅಂದಂದಿನ ಅಕ್ಕಿ. ಅವನ ಹೊರೆಯಲ್ಲಿ ಪಾಲು ತೆಗೆದುಕೊಳ್ಳುವುದು ಬಂಧುಗಳ ಧರ್ಮ. ವಾಸಕ್ಕೆ ಮನೆಯಿದ್ದೂ ಎರಡನೆಯ ನಿವೇಶನಕ್ಕಾಗಿ, ಓಡಾಡಲು ಕಾರಿದ್ದೂ ನೆರೆಯವನದಕ್ಕಿಂತ ದೊಡ್ಡ ಕಾರಿಗಾಗಿ ದುಡಿಯುವವನ ವಿಷಯ ಬೇರೆ.

ಸುರಿದು ಬರುವುದೆಂದರೆ ಇಂದಿನ ಉದ್ಯೋಗದಲ್ಲಿ ಏನು ಮಾಡುವುದೆಂದು ಕೇಳಬಹುದು. ಮಾರಯ್ಯನವರು ಮಾಡಿದ ಕಾರ್ಯ ನಾವು ತಿಳಿದಷ್ಟು ಸುಲಭವಾದುದಲ್ಲ. ಆಯ್ದ ಅಕ್ಕಿಯನ್ನು ಹೊತ್ತು ಬಂದ ದಾರಿಯಲ್ಲಿಯೇ ಹಿಂದಿರುಗಬೇಕಾಯಿತು. ಮಹಾಮನೆಯ ಅಂಗಳದಲ್ಲಿ ಹತ್ತು ಮಂದಿಯ ಕಣ್ಣೆದುರಿಗೆ ಗಂಟು ಬಿಚ್ಚಬೇಕಾಯಿತು. ಹೆಂಡತಿಯ ಮಾತು ಕೇಳಿ ಬಂದನೆಂದು ನಕ್ಕವರೂ ಇದ್ದಿರಬಹುದು. ಇಂದು ತರುಣನು ಮೇಲಧಿಕಾರಿಯ ಬಳಿ ಹೋಗಿ, ಈ ಕೆಲಸ ಇಬ್ಬರದು, ಒಬ್ಬನಿಂದಾಗದು ಎಂದು ಹೇಳುವಾಗ ಆಗುವ ಸಂಕೋಚವೂ ಅಂಥದೇ. ಇದ್ದಷ್ಟು ಕೆಲಸವನ್ನು ಹುಳುಕಿಲ್ಲದೆ ಮಾಡಿದವನಿಗೆ ಮಾತ್ರ ಆ ಮಾತನ್ನಾಡುವ ಧೈರ್ಯ ಬರುವುದು. ಅರೆಬರೆ ಮಾಡಿದವನಿಗೆ ಬಾರದು. ಬಡ್ತಿಯೊಂದು ಬಂದಾಗ, ಅದರೊಡನೆ ಬರುವ ರಾತ್ರಿಗಳ ಲೆಕ್ಕವನ್ನು ಮನೆಯವರೊಡನೆ ಕುಳಿತು ಮಾಡಿ ಬೇಡವೆನ್ನುವುದೂ ಸುರಿದು ಬರುವುದೇ. ಸಂಬಳ ಕಡಿಮೆಯಾದರೂ ಹೊತ್ತು ಮಿಗುವ ಇನ್ನೊಂದು ಕೆಲಸಕ್ಕೆ ಹೋಗುವುದೂ ಅದೇ. ಅತಿ ಚಿಕ್ಕದಾಗಿ, ರಾತ್ರಿ ಊಟದ ಹೊತ್ತಿಗೆ ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಟ್ಟು ಬರುವುದೂ ಒಂದು ಹಿಡಿಯಷ್ಟನ್ನು ಸುರಿದಂತೆ. ಇಷ್ಟಕ್ಕೆಲ್ಲ ನಷ್ಟವಿಲ್ಲವೆಂದು ನಾವು ಭರವಸೆ ಕೊಡಲಾರೆವು. ನಷ್ಟವುಂಟು. ಜೊತೆಗೆ ಸೇರಿದವನು ಮುಂದೆ ಹೋಗುವನು, ಅವನ ಮನೆ ದೊಡ್ಡದಾಗುವುದು. ಮಾರಯ್ಯನವರ ಗಂಟೂ ಅಂದು ಹಗುರಾಯಿತು.

ಈ ಮಾತುಗಳನ್ನು ತರುಣರಿಗಿಂತ ಹೆಚ್ಚಾಗಿ ಅವರ ತಂದೆತಾಯಿಗಳಿಗೆ ಹೇಳಬೇಕಾಗಿದೆ. ಮಗನ ಗಂಟಿನ ಭಾರವನ್ನು ನೋಡಿ ಹಿಗ್ಗುವವರು ನಾವೇ. ಕನ್ಯೆ ನೋಡುವಾಗ, ವರನನ್ನು ಹುಡುಕುವಾಗ ವರ್ಷದ ಸಂಬಳವೆಷ್ಟೆಂಬುದು ಮೊದಲನೆಯ ಪ್ರಶ್ನೆ. ಮನೆಗೆ ಎಷ್ಟು ಹೊತ್ತಿಗೆ ಬರುವನೆಂದು ಕೇಳಿದ ಬೀಗರನ್ನು ನಾವು ಕಂಡಿಲ್ಲ. ಮಗನು ಫೋನು ಮಾಡಿದಾಗ ಸಂಬಳ ಏರಿತೆ ಎಂದು ಕೇಳುವೆವು, ಉಂಡೆಯಾ ಎಂದೂ ಕೇಳುವೆವು. ಎರಡನೆಯ ಪ್ರಶ್ನೆಯನ್ನು ಮೊದಲು ಕೇಳಿದರೆ ಅವನಿಗೆ ಬೇರೊಂದು ಉತ್ತರವನ್ನು ಹೇಳುವ ಧೈರ್ಯ ಬಂದೀತು. ಕೆಲಸ ಬದಲಿಸುವೆನು, ಸಂಬಳ ಸ್ವಲ್ಪ ಕಡಿಮೆ ಎಂದು ಅವನು ಹೇಳಿದ ದಿನ ತಂದೆಯ ಮೌನವೇ ಅವನನ್ನು ಹಿಂದಕ್ಕೆ ದೂಡುವುದುಂಟು.

ಲಕ್ಕಮ್ಮನವರ ಪಾತ್ರವು ಸೊಸೆಯೊಬ್ಬಳ ಪಾಲಿನ ಕರ್ತವ್ಯವೆಂದು ಭಾವಿಸುವುದೂ ತಪ್ಪು. ಈಗ ಎಷ್ಟೋ ಮನೆಗಳಲ್ಲಿ ಇಬ್ಬರೂ ಉದ್ಯೋಗಸ್ಥರು. ಶರಣೆಯರಿಗೂ ಸ್ವಂತ ಕಾಯಕವಿತ್ತು. ಕದಿರ ರೆಮ್ಮವ್ವೆಯವರು ನೂಲುವ ಕಾಯಕದವರು, ಆ ರಾಟೆಯನ್ನೇ ವಚನವನ್ನಾಗಿ ಮಾಡಿದವರು. ಆದರೆ ಇಂದು ಇಬ್ಬರೂ ಹೊರಗೆ ದುಡಿದು ಬಂದ ಮನೆಯಲ್ಲಿ ಒಲೆಯ ಮುಂದೆ ನಿಲ್ಲುವುದು ಒಬ್ಬರೇ ಆಗಿರುವುದು ಕಂಡುಬರುತ್ತಿದೆ. ಹೆಂಡತಿಯ ಗಂಟು ಭಾರವಾದುದನ್ನು ಗಂಡನು ಕಂಡು ಇಳಿಸಬೇಕು. ಅದಕ್ಕೆ ಅವನು ಅವಳ ಮುಖವನ್ನು ನೋಡುವಷ್ಟು ಹೊತ್ತು ಮನೆಯಲ್ಲಿರಬೇಕು. ದಂಪತಿಗಳು ಒಂದಾಗಿ ಮಾಡಿದ ಭಕ್ತಿಯೇ ಶಿವನಿಗೆ ಒಪ್ಪಿಗೆಯೆಂದು ದೇವರ ದಾಸಿಮಯ್ಯನವರು ನುಡಿದುದು ಮದುವೆಯ ಕರೆಯೋಲೆಯಲ್ಲಿ ಅಚ್ಚು ಹಾಕಿಸುವುದಕ್ಕೆ ಮಾತ್ರವಲ್ಲವಷ್ಟೆ.

ದಾಸೋಹದ ಅರ್ಥವನ್ನೂ ಇಲ್ಲಿ ಸ್ವಲ್ಪ ವಿಸ್ತರಿಸಿಕೊಳ್ಳಬೇಕು. ಕೈತುಂಬ ಸಂಬಳ ತರುವ ತರುಣನು ಮಠದ ದಾಸೋಹಕ್ಕೆ ಹಣ ಕಳುಹಿಸುವನು, ಊರಿಗೆ ಕಳುಹಿಸುವನು. ಒಳ್ಳೆಯದು. ಆದರೆ ಅವನ ಬಳಿ ಅತಿ ವಿರಳವಾಗಿರುವುದು ಹಣವಲ್ಲ, ಹೊತ್ತು. ವಿರಳವಾದುದನ್ನು ಕೊಟ್ಟಾಗಲೇ ಅದು ದಾಸೋಹ. ಎರಡು ವರ್ಷದ ಕೂಸಿಗೆ ಬೇಕಾದುದು ತಂದೆಯ ಬೆನ್ನು, ಆನೆಯಾಟಕ್ಕೆ. ಮುದುಕಿಯಾದ ತಾಯಿಗೆ ಬೇಕಾದುದು ಅದೇ ಹಳೆಯ ಕಥೆಯನ್ನು ಮತ್ತೊಮ್ಮೆ ಕೇಳುವ ಕಿವಿ. ಇವನ್ನು ಬ್ಯಾಂಕಿನ ಮೂಲಕ ಕಳುಹಿಸಲಾಗದು.

ಪೂಜೆಯ ವಿಷಯವಾಗಿ ತರುಣರು ಕೇಳುವುದೊಂದುಂಟು. ಅದನ್ನು ಹೇಳಿ ಮುಗಿಸುವೆವು. ರಾತ್ರಿಯ ಪಾಳಿಯಲ್ಲಿ ದುಡಿದು ಸೂರ್ಯೋದಯಕ್ಕೆ ಮನೆಗೆ ಬರುವವನು, ಒಂದೇ ಕೋಣೆಯಲ್ಲಿ ನಾಲ್ವರೊಡನೆ ಬಾಡಿಗೆಗಿರುವವನು ಇಷ್ಟಲಿಂಗಪೂಜೆಯನ್ನು ಯಾವಾಗ, ಎಲ್ಲಿ ಮಾಡಬೇಕು? ಗುಡಿಯನ್ನು ಅರಸಿ ಹೋಗಬೇಕಾದ ತೊಂದರೆಯನ್ನು ಶರಣರು ನಮಗೆ ಉಳಿಸಲಿಲ್ಲ. ಲಿಂಗವು ಕೊರಳಲ್ಲಿದೆ, ಕರಸ್ಥಲವು ಜೊತೆಯಲ್ಲಿಯೇ ಬರುವುದು. ತ್ರಿಕಾಲ ಪೂಜೆ ಸಾಗದವನು ದಿನಕ್ಕೊಮ್ಮೆಯಾದರೂ ಸ್ನಾನವಾದ ಮೇಲೆ, ಅನ್ನವನ್ನು ಮುಟ್ಟುವ ಮೊದಲು ಕುಳಿತುಕೊಳ್ಳಲಿ. ಹತ್ತು ನಿಮಿಷವಾದರೂ ಸರಿ. ಬೆಳಗಿನ 7 ಗಂಟೆಗೆ ಪಾಳಿಯಿಂದ ಬಂದವನು ಕೈಕಾಲು ಮುಖ ತೊಳೆದು ಸ್ನಾನ ಮಾಡಿ, ವಿಭೂತಿ ಧರಿಸಿ, ಮೊಬೈಲನ್ನು ಬಾಗಿಲ ಹೊರಗಿಟ್ಟು ಪೂಜೆಗೆ ಕೂಡಬಹುದು. ಆಮೇಲೆ ಪ್ರಸಾದ ಸ್ವೀಕರಿಸಿ ಮಲಗಲಿ. ಮನೆಯಲ್ಲಿ ಎದ್ದಿರುವ ಮಗು ಪಕ್ಕದಲ್ಲಿ ಬಂದು ಕುಳಿತರೆ ಎಬ್ಬಿಸಿ ಕಳುಹಿಸಬೇಕಾಗಿಲ್ಲ.